ಕಾಡಿನ ಮಣ್ಣಿನ ಸಾರಜನಕ: ಮಾದರಿ ತೆಗೆಯುವುದರಿಂದ ಓದುವವರೆಗೆ

ಹೊಲದ ಮಣ್ಣು ಪರೀಕ್ಷೆ ಮಾಡಿಸಿದವರಿಗೆ ಒಂದು ರೂಢಿ ಬಿದ್ದಿರುತ್ತದೆ. ಸಾರಜನಕದ ಸಾಲಿನಲ್ಲಿ ‘ಕಡಿಮೆ’ ಅಂತ ಇದ್ದರೆ ಚಿಂತೆ, ‘ಹೆಚ್ಚು’ ಅಂತ ಇದ್ದರೆ ಸಮಾಧಾನ. ಕಬ್ಬು, ಗೋವಿನಜೋಳ ಬೆಳೆಯುವವರಿಗೆ ಅದು ಸರಿಯೇ. ಆದರೆ ಅದೇ ಕಣ್ಣಿನಿಂದ ಖಾನಾಪುರದ ಕಾಡಂಚಿನ ಮಣ್ಣನ್ನೋ ಊರ ದೇವರ ಕಾಡಿನ ಮಣ್ಣನ್ನೋ ನೋಡಿದರೆ ಲೆಕ್ಕ ತಪ್ಪುತ್ತದೆ. ಕಾಡಿಗೆ ಸಾರಜನಕ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಎಷ್ಟಿದೆ ಅನ್ನುವುದಕ್ಕಿಂತ, ಇರುವುದನ್ನು ಕಾಡು ಹಿಡಿದಿಟ್ಟುಕೊಂಡಿದೆಯೋ ಸೋರಿಸುತ್ತಿದೆಯೋ ಅನ್ನುವುದು ದೊಡ್ಡ ಪ್ರಶ್ನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕಾಲೇಜು ಹುಡುಗರು, ಪರಿಸರ ಸಂಘದವರು, ಸ್ವಂತ ಮರದ ತೋಪು ಇರುವ ರೈತರು ಈ ಕೆಲಸವನ್ನು ತಾವೇ ಮಾಡಬಹುದು. ದುಬಾರಿ ಸಾಮಾನು ಬೇಡ. ಪ್ರಯೋಗಾಲಯದ ಖರ್ಚು ಮಾತ್ರ ಬರುತ್ತದೆ.

ಮೊದಲು, ಈ ಲೆಕ್ಕ ಎಲ್ಲಿಯದು ಅಂತ ತಿಳಿಯಿರಿ

ಸಾರಜನಕ ನೋಡಿ ಕಾಡಿನ ಆರೋಗ್ಯ ಹೇಳುವ ವಿದ್ಯೆ ಹೆಚ್ಚಾಗಿ ಬೆಳೆದದ್ದು ಸಮಶೀತೋಷ್ಣ ನಾಡುಗಳಲ್ಲಿ, ಅಂದರೆ ಅಮೆರಿಕದ ಈಶಾನ್ಯ ಭಾಗ ಮತ್ತು ಯುರೋಪಿನ ಓಕ್, ಮೇಪಲ್, ಪೈನ್ ಕಾಡುಗಳಲ್ಲಿ. ಅಲ್ಲಿ ಹಿಮಗಡ್ಡೆ ಸರಿದುಹೋದ ಮೇಲೆ ಹುಟ್ಟಿದ ಎಳೆಯ ಮಣ್ಣು ಬಹಳ. ಚಳಿಗೆ ತರಗೆಲೆ ಬೇಗ ಕೊಳೆಯುವುದಿಲ್ಲ. ಹಾಗಾಗಿ ಮರಗಳಿಗೆ ಸಾಮಾನ್ಯವಾಗಿ ಕೊರತೆ ಬೀಳುವುದು ಸಾರಜನಕದ್ದೇ. ಅಂಥ ಕಡೆ ವಾಹನದ ಹೊಗೆ, ಕಾರ್ಖಾನೆ, ದನದ ಫಾರಂಗಳಿಂದ ಗಾಳಿ ಸೇರಿದ ಸಾರಜನಕ ಮಳೆ ಜೊತೆ ಇಳಿಯತೊಡಗಿತು. ಮೊದಮೊದಲು ಕಾಡಿಗೆ ಅದು ಗೊಬ್ಬರವೇ. ಬರಬರುತ್ತಾ ಅಜೀರ್ಣ.

ಅಮೆರಿಕದ ಹಾರ್ವರ್ಡ್ ಫಾರೆಸ್ಟ್ ಎಂಬ ಸಂಶೋಧನಾ ಕಾಡಿನಲ್ಲಿ 1988ರಿಂದ ಇದನ್ನು ಬೇಕಂತಲೇ ಮಾಡಿ ನೋಡಿದರು. ಕಾಡಿನ ತುಂಡುಗಳಿಗೆ ವರ್ಷಕ್ಕೆ ಹೆಕ್ಟೇರಿಗೆ 50 ಕೆ.ಜಿ. ಮತ್ತು 150 ಕೆ.ಜಿ. ಸಾರಜನಕ ಹಾಕುತ್ತಾ ಬಂದರು. ಓಕ್ ಇದ್ದ ಕಾಡು ಬಹಳ ವರ್ಷ ತಡೆದುಕೊಂಡಿತು, ಬೆಳೆಯಿತು ಕೂಡ. ಹೆಚ್ಚು ಹಾಕಿದ ಕಡೆಯ ಕೆಂಪು ಪೈನ್ ಮರಗಳು ಮಾತ್ರ ಸೊರಗಿ ಸತ್ತವು. 1989ರಲ್ಲಿ ಜಾನ್ ಏಬರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಈ ಅಜೀರ್ಣದ ಹಂತಗಳನ್ನು ಬರೆದರು. ಮರ, ಬೇರು, ಜೀವಾಣು ಎಲ್ಲ ತಿಂದು ಮಿಕ್ಕ ಸಾರಜನಕ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ನೀರಿನ ಜೊತೆ ಇಳಿದು ಹೋಗುತ್ತದೆ. ಹೋಗುವಾಗ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ, ಅಲ್ಯೂಮಿನಿಯಂ ಕರಗಿ ಬೇರಿಗೆ ಏಟು ಕೊಡುತ್ತದೆ.

ಎಷ್ಟಾದರೆ ಜಾಸ್ತಿ? ಯುರೋಪಿನ ಎಲೆ ಉದುರುವ ಕಾಡುಗಳಿಗೆ ಗಾಳಿ, ಮಳೆಯಿಂದ ಇಳಿಯುವ ಸಾರಜನಕ ವರ್ಷಕ್ಕೆ ಹೆಕ್ಟೇರಿಗೆ 10 ಕೆ.ಜಿ. ದಾಟಿದರೆ ಎಚ್ಚರ ಅನ್ನುತ್ತಾರೆ. ನಮ್ಮ ಯೂರಿಯಾ ಚೀಲ 45 ಕೆ.ಜಿ., ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಆ 10 ಕೆ.ಜಿ. ಅನ್ನುವುದು ಒಂದು ಹೆಕ್ಟೇರಿಗೆ, ಸುಮಾರು ಎರಡೂವರೆ ಎಕರೆಗೆ, ಅರ್ಧ ಚೀಲ! ಇತ್ತ ನೀರಾವರಿ ಕಬ್ಬಿಗೆ ಶಿಫಾರಸು ಮಾಡುವುದೇ ಹೆಕ್ಟೇರಿಗೆ ಸುಮಾರು 250 ಕೆ.ಜಿ. ಸಾರಜನಕ. ಅಳತೆಯ ಈ ಅಂತರ ತಲೆಯಲ್ಲಿ ಇರಲಿ.

ಜಾಗ ಮತ್ತು ಅನುಮತಿ

ಭೀಮಗಡ ವನ್ಯಜೀವಿ ಧಾಮದೊಳಗೆ ಆಗಲಿ, ಯಡಹಳ್ಳಿ ಚಿಂಕಾರ ಧಾಮದೊಳಗೆ ಆಗಲಿ ಸುಮ್ನೆ ಗುದ್ದಲಿ ಹಿಡಿದು ಹೋಗುವಂತಿಲ್ಲ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕೇ ಬೇಕು. ಮೀಸಲು ಅರಣ್ಯಕ್ಕೂ ಅಷ್ಟೇ. ಮೊದಲ ಸಲ ಮಾಡುವವರು ಕಾಲೇಜಿನ ಆವರಣದ ಹಳೆಯ ತೋಪು, ದೇವಸ್ಥಾನದ ಕಾಡು (ಊರ ಹಿರಿಯರನ್ನು ಕೇಳಿಕೊಂಡು), ಸ್ವಂತ ಸಾಗವಾನಿ ತೋಟ ಹಿಡಿಯುವುದು ಒಳ್ಳೆಯದು.

ಒಂದೇ ಜಾಗ ಸಾಲದು. ಜೋಡಿ ಬೇಕು. ಒಂದು ನೀವು ತಿಳಿಯಬೇಕಾದ ಜಾಗ. ಇನ್ನೊಂದು ಅದೇ ಮಣ್ಣು, ಅದೇ ಇಳಿಜಾರು, ಅದೇ ಮಳೆ ಇರುವ, ಕಡಿಮೆ ಕೈಯಾಡಿಸಿದ ಜಾಗ. ಜಾಂಬೋಟಿ ಕಡೆಯ ಜಂಬಿಟ್ಟಿಗೆ ಮಣ್ಣಿನ ಕಾಡನ್ನು ಬೀಳಗಿಯ ಕುರುಚಲು ಕಾಡಿನ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಕಾಡಂಚು ಮತ್ತು ಕಾಡಿನ ಒಳಭಾಗ ಒಳ್ಳೆಯ ಜೋಡಿ. ಕಬ್ಬಿನ ಹೊಲಕ್ಕೆ ತಾಗಿದ ಅಂಚು ಮತ್ತು ಅಲ್ಲಿಂದ ನೂರಿನ್ನೂರು ಮೀಟರ್ ಒಳಗಿನ ತುಂಡು ಅಂದರೆ ಇನ್ನೂ ಒಳ್ಳೆಯದು.

ಪ್ರತಿ ಜಾಗದಲ್ಲಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಗುರುತಿಸಿ. ನಾಲ್ಕು ಮೂಲೆಗೆ ಕಲ್ಲಿಗೆ ಬಣ್ಣ ಹಚ್ಚಿ. ಫೋನಿನಲ್ಲಿ ಜಾಗದ ಗುರುತು ಉಳಿಸಿಕೊಳ್ಳಿ. ಮುಂದಿನ ವರ್ಷ ಅದೇ ಜಾಗ ಸಿಗಬೇಕು.

ಯಾವಾಗ ತೆಗೆಯಬೇಕು

ಇಲ್ಲಿಯೇ ಜಾಸ್ತಿ ಜನ ಎಡವುವುದು. ಬೇಸಿಗೆಯಲ್ಲಿ ಒಣಗಿ ಬಿರಿದ ಮಣ್ಣಿಗೆ ರೋಹಿಣಿ, ಮೃಗಶಿರಾ ಮಳೆ ಬಿದ್ದ ತಕ್ಷಣ ಸಾರಜನಕ ಉಕ್ಕುತ್ತದೆ. ಒಣಗಿ ಸತ್ತ ಜೀವಾಣುಗಳು ಕೊಳೆಯುತ್ತವೆ, ಉಳಿದವು ಒಮ್ಮೆಲೇ ಚುರುಕಾಗುತ್ತವೆ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ. ಆ ದಿನಗಳಲ್ಲಿ ಮಾದರಿ ತೆಗೆದರೆ ಬಡ ಮಣ್ಣೂ ಸಿರಿವಂತನಂತೆ ಕಾಣುತ್ತದೆ. ಇನ್ನು ಆಷಾಢದ ಜಡಿಮಳೆಯಲ್ಲಿ ಕಣಕುಂಬಿ ಕಡೆ ತೆಗೆದರೆ ನೈಟ್ರೇಟ್ ತೊಳೆದುಹೋಗಿರುತ್ತದೆ.

ಮಳೆ ನಿಂತು ಮಣ್ಣಿನಲ್ಲಿ ಹಸಿ ಇನ್ನೂ ಇರುವಾಗ ತೆಗೆಯಿರಿ. ಖಾನಾಪುರ ಕಡೆ ದೀಪಾವಳಿ ಆಸುಪಾಸು. ವಿಜಯಪುರ, ಬಾಗಲಕೋಟೆಗೆ ಹಿಂಗಾರಿ ಮಳೆ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ. ಕಾಡಿಗೆ ಬೆಂಕಿ ಬಿದ್ದ ವರ್ಷವಾದರೆ ಅದನ್ನು ಬರೆದಿಡಿ. ಬೆಂಕಿಗೆ ತರಗೆಲೆಯ ಸಾರಜನಕ ಬಹುಪಾಲು ಗಾಳಿಗೆ ಹೋಗುತ್ತದೆ, ಆದರೆ ಮಣ್ಣಿನಲ್ಲಿ ಅಮೋನಿಯಂ (ನೈಟ್ರೇಟ್‌ನಂತೆ ಸಾರಜನಕದ ಇನ್ನೊಂದು ರೂಪ) ಕೆಲವು ಕಾಲ ಏರಿರುತ್ತದೆ. ಗೊತ್ತಿಲ್ಲದವರು ಆ ಏರಿಕೆ ನೋಡಿ ಬೆಂಕಿ ಒಳ್ಳೆಯದು ಅಂದುಬಿಡುತ್ತಾರೆ.

ಮಾದರಿ ತೆಗೆಯುವುದು

ಬೇಕಾದ ಸಾಮಾನು: ಸಲಿಕೆ ಅಥವಾ ಖುರ್ಪಿ, ಅಳತೆ ಪಟ್ಟಿ, ಎರಡು ಪ್ಲಾಸ್ಟಿಕ್ ಬಕೆಟ್, ಹೊಸ ಪಾಲಿಥಿನ್ ಚೀಲ, ಬಟ್ಟೆ ಚೀಲ, ಪೆನ್ಸಿಲ್, ಐಸ್ ಡಬ್ಬಿ. ಹಳೆಯ ಗೊಬ್ಬರದ ಚೀಲ ಹತ್ತಿರಕ್ಕೂ ತರಬೇಡಿ. ಎಷ್ಟು ಜಾಡಿಸಿದರೂ ಯೂರಿಯಾದ ನಾಲ್ಕು ಹರಳು ಮೂಲೆಯಲ್ಲಿ ಇದ್ದೇ ಇರುತ್ತವೆ. ಇಡೀ ಪರೀಕ್ಷೆ ಕೆಡಲು ಅಷ್ಟು ಸಾಕು. ಚೀಟಿಯನ್ನು ಪೆನ್ಸಿಲ್‌ನಲ್ಲಿಯೇ ಬರೆಯಿರಿ, ಹಸಿ ಮಣ್ಣಿಗೆ ಪೆನ್ನಿನ ಶಾಯಿ ಹರಡುತ್ತದೆ.

ಮೊದಲು ತರಗೆಲೆ. ಅರ್ಧ ಮೀಟರ್ ಚೌಕದ ಒಂದು ಚೌಕಟ್ಟು ಮಾಡಿಕೊಂಡು, ನಾಲ್ಕೈದು ಕಡೆ ಇಟ್ಟು, ಒಳಗಿನ ತರಗೆಲೆ ಮತ್ತು ಅರ್ಧ ಕೊಳೆತ ಎಲೆಯನ್ನೆಲ್ಲ ಬಟ್ಟೆ ಚೀಲಕ್ಕೆ ತುಂಬಿ. ಇದನ್ನು ಮಣ್ಣಿನ ಜೊತೆ ಬೆರೆಸಬಾರದು. ಹೊಲದ ಮಾದರಿಯಲ್ಲಿ ಮೇಲಿನ ಕಸ ಸರಿಸಿ ಎಸೆಯುತ್ತೇವೆ. ಕಾಡಿನಲ್ಲಿ ಆ ಕಸವೇ ಅರ್ಧ ಕಥೆ.

ಆಮೇಲೆ ಮಣ್ಣು. ಚೌಕದೊಳಗೆ ಅಡ್ಡಾದಿಡ್ಡಿ ನಡೆದು ಹತ್ತು ಹನ್ನೆರಡು ಕಡೆ, ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೆಗೆದು, ಒಂದು ಬದಿಯಿಂದ 15 ಸೆಂ.ಮೀ. ಆಳದವರೆಗೆ ಸಮನಾದ ಹೋಳು ಕೆರೆದುಕೊಳ್ಳಿ. ಮರದ ಬುಡದಿಂದ ಒಂದು ಮೀಟರ್ ದೂರ ಇರಲಿ. ಹುತ್ತ, ಕಾಲುದಾರಿ, ಒಲೆ ಉರಿಸಿದ ಬೂದಿ, ದನ ಮಲಗುವ ನೆರಳು, ಕುರಿ ಹಿಂಡು ತಂಗಿದ ಜಾಗ ಬಿಡಿ. ನಮ್ಮ ಕಡೆ ಕುರಿಗಾರರು ಎಲ್ಲಿ ತಂಗಿದ್ದರು ಅಂತ ಊರವರನ್ನು ಕೇಳಿದರೆ ಗೊತ್ತಾಗುತ್ತದೆ. ಕುರಿ ಹಿಕ್ಕೆ, ಮೂತ್ರ ಬಿದ್ದ ಜಾಗದ ಸಾರಜನಕ ಕಾಡಿನದಲ್ಲ.

ಬಕೆಟ್‌ನಲ್ಲಿ ಕೂಡಿದ ಮಣ್ಣನ್ನು ಹೊಸ ಪ್ಲಾಸ್ಟಿಕ್ ಹಾಳೆ ಮೇಲೆ ಹರಡಿ, ಬೇರು, ಕಲ್ಲು ಆರಿಸಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡಿ, ಉಳಿದದ್ದನ್ನು ಮತ್ತೆ ಬೆರೆಸಿ ಹಾಗೆಯೇ ಮಾಡಿ. ಒಂದು ಕಿಲೋ ಆಸುಪಾಸು ಉಳಿಯಲಿ. ಅದರಲ್ಲಿ ಅರ್ಧವನ್ನು ನೆರಳಲ್ಲಿ ಒಣಗಿಸಿ, 2 ಮಿ.ಮೀ. ಸಾಣಿಗೆಯಲ್ಲಿ ಸೋಸಿ. ಇದು ಒಟ್ಟು ಸಾರಜನಕಕ್ಕೆ ಮತ್ತು ಇಂಗಾಲಕ್ಕೆ. ಇನ್ನರ್ಧ ಹಸಿಯಾಗಿಯೇ ಐಸ್ ಡಬ್ಬಿಯಲ್ಲಿ ಇಟ್ಟು ಮರುದಿನದೊಳಗೆ ಪ್ರಯೋಗಾಲಯ ಮುಟ್ಟಿಸಿ. ಇದು ನೈಟ್ರೇಟ್, ಅಮೋನಿಯಂಗೆ. ಹಸಿ ಮಣ್ಣನ್ನು ಬಿಸಿಲಲ್ಲಿ ಕಾರಿನ ಹಿಂದೆ ಇಟ್ಟು ಊರೂರು ಸುತ್ತಿದರೆ, ಚೀಲದೊಳಗೇ ಜೀವಾಣುಗಳು ಹೊಸ ನೈಟ್ರೇಟ್ ತಯಾರಿಸಿರುತ್ತವೆ.

ಪ್ರಯೋಗಾಲಯದಲ್ಲಿ ಏನು ಕೇಳಬೇಕು

ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟರೆ ಬರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳು ಇರುತ್ತವೆ. 2015ರಲ್ಲಿ ಶುರುವಾದ ಈ ಯೋಜನೆ ಬೆಳೆಗೆ ಗೊಬ್ಬರ ಹೇಳಲು ಮಾಡಿದ್ದು. ಅದರಲ್ಲಿನ ಸಾರಜನಕ ಅಂದರೆ ‘ಲಭ್ಯ ಸಾರಜನಕ’, ಒಟ್ಟು ಸಾರಜನಕದಲ್ಲಿ ಬೆಳೆಗೆ ಸಿಗಬಹುದಾದ ಪಾಲು. ಹೆಕ್ಟೇರಿಗೆ 280 ಕೆ.ಜಿ.ಗಿಂತ ಕೆಳಗೆ ಕಡಿಮೆ, 560 ದಾಟಿದರೆ ಹೆಚ್ಚು. ಈ ಗಡಿಗಳನ್ನು ಹಾಕಿದ್ದು ಹೊಲಕ್ಕೆ. ಸಾಗವಾನಿಗಲ್ಲ, ನೇರಳೆಗಲ್ಲ.

ಇನ್ನೊಂದು ಸಂಗತಿ ಕೇಳಿಕೊಳ್ಳಲೇಬೇಕು. ಹಲವು ಕಡೆ ಸಾರಜನಕವನ್ನು ಬೇರೆಯಾಗಿ ಅಳೆಯುವುದೇ ಇಲ್ಲ. ಸಾವಯವ ಇಂಗಾಲ ಅಳೆದು, ಅದರಿಂದ ಸಾರಜನಕ ಇಷ್ಟಿರಬಹುದು ಅಂತ ಲೆಕ್ಕ ಹಾಕುತ್ತಾರೆ. ಬೆಳೆಗೆ ಅದು ನಡೆಯುತ್ತದೆ. ನಮಗೆ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತವೇ ಬೇಕಾಗಿರುವಾಗ, ಒಂದರಿಂದ ಇನ್ನೊಂದನ್ನು ಹುಟ್ಟಿಸಿದ ಅಂಕಿ ಏನು ಪ್ರಯೋಜನ? ಹಾಗಾಗಿ ‘ಅಳೆದದ್ದೋ, ಲೆಕ್ಕ ಹಾಕಿದ್ದೋ’ ಅಂತ ಮೊದಲೇ ಕೇಳಿ.

ನಿಮಗೆ ಬೇಕಾದದ್ದು ನಾಲ್ಕು: ಜೆಲ್ಡಾಲ್ ವಿಧಾನದ ಒಟ್ಟು ಸಾರಜನಕ, ಸಾವಯವ ಇಂಗಾಲ, ಪಿಎಚ್ (ಮಣ್ಣು ಎಷ್ಟು ಹುಳಿ ಅನ್ನುವ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಮತ್ತು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ತೆಗೆದ ನೈಟ್ರೇಟ್ ಹಾಗೂ ಅಮೋನಿಯಂ. ತರಗೆಲೆಗೂ ಇಂಗಾಲ ಮತ್ತು ಒಟ್ಟು ಸಾರಜನಕ ಮಾಡಿಸಿ. ಡೆನ್ಮಾರ್ಕಿನ ಜೆಲ್ಡಾಲ್ 1883ರಲ್ಲಿ ಬೀರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕಂಡುಹಿಡಿದ ವಿಧಾನ ಇದು. ಇವತ್ತಿಗೂ ನಮ್ಮ ಕಾಲೇಜುಗಳಲ್ಲಿ ಅದೇ ಓಡುತ್ತಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ವಿಜಯಪುರದ ಕೃಷಿ ಕಾಲೇಜು, ಇವುಗಳ ಮಣ್ಣು ವಿಜ್ಞಾನ ವಿಭಾಗದಲ್ಲಿ ವಿಚಾರಿಸಿ. ಹೋಗುವ ಮುಂಚೆ ಫೋನ್ ಮಾಡಿ. ಹಸಿ ಮಣ್ಣು ಹಿಡಿದು ಭಾನುವಾರ ಬಾಗಿಲ ಮುಂದೆ ನಿಲ್ಲುವುದು ಬೇಡ.

ಅಂಕಿಗಳನ್ನು ಓದುವುದು

ಒಟ್ಟು ಸಾರಜನಕ ನೂರಕ್ಕೆ 0.15 ಅಂತ ಬಂತು ಅಂದುಕೊಳ್ಳಿ. ಪ್ರಯೋಗಾಲಯದ ರೂಢಿಯ ಲೆಕ್ಕದಲ್ಲಿ ಒಂದು ಹೆಕ್ಟೇರಿನ 15 ಸೆಂ.ಮೀ. ಮಣ್ಣು 22 ಲಕ್ಷ 40 ಸಾವಿರ ಕೆ.ಜಿ. ಆ ಪ್ರಕಾರ 3,360 ಕೆ.ಜಿ. ಸಾರಜನಕ. ಆದರೆ ಕಾಡಿನ ಮಣ್ಣು ಪೊಳ್ಳಾಗಿರುತ್ತದೆ. ಒಂದು ಘನ ಸೆಂ.ಮೀ. ಮಣ್ಣು ಒಂದೇ ಗ್ರಾಂ ತೂಗಿದರೆ ಲೆಕ್ಕ 2,250ಕ್ಕೆ ಇಳಿಯುತ್ತದೆ. ಖಾನಾಪುರದ ಮುರುಂ ಮಣ್ಣಿನಲ್ಲಿ ನೂರಕ್ಕೆ ಮೂವತ್ತು ಪಾಲು ಜಾಗ ಕಲ್ಲೇ ತಿಂದಿದ್ದರೆ 1,575. ಅಂದರೆ ಅರ್ಧಕ್ಕಿಂತ ಕಡಿಮೆ! ಆದ್ದರಿಂದ ಗಾತ್ರ ಗೊತ್ತಿರುವ ಕಬ್ಬಿಣದ ಕೊಳವೆಯೊಂದನ್ನು ಮಣ್ಣಿಗೆ ಬಡಿದು, ಒಳಗಿನ ಮಣ್ಣು ಒಣಗಿಸಿ ತೂಗಿ, ಕಲ್ಲನ್ನು ಬೇರೆ ಮಾಡಿ ಅಳೆಯಿರಿ. ಈ ಒಂದು ಬೇಸರದ ಕೆಲಸ ಬಿಟ್ಟವರ ವರದಿಯನ್ನು ನಾನಂತೂ ನಂಬುವುದಿಲ್ಲ.

ಮುಂದಿನದು ಅನುಪಾತ. ಸಾವಯವ ಇಂಗಾಲ ನೂರಕ್ಕೆ 1.8 ಬಂದಿದೆ ಅನ್ನೋಣ. ಇಂಗಾಲ ಅಳೆಯಲು ನಮ್ಮಲ್ಲಿ ನಡೆಯುವ ವಾಕ್ಲಿ-ಬ್ಲ್ಯಾಕ್ ವಿಧಾನ ಅದನ್ನು ಪೂರ್ತಿ ಹಿಡಿಯುವುದಿಲ್ಲ, ಮುಕ್ಕಾಲಷ್ಟು ಹಿಡಿಯುತ್ತದೆ. ಹಾಗಾಗಿ 1.3ರಿಂದ ಗುಣಿಸಬೇಕು. ಪ್ರಯೋಗಾಲಯದವರು ಮೊದಲೇ ಗುಣಿಸಿದ್ದಾರೋ ಕೇಳಿ. 2.34ನ್ನು 0.15ರಿಂದ ಭಾಗಿಸಿದರೆ 15.6. ಒಂದು ಪಾಲು ಸಾರಜನಕಕ್ಕೆ ಹದಿನೈದೂವರೆ ಪಾಲು ಇಂಗಾಲ ಅಂತ.

ಯುರೋಪಿನ ಅನುಭವದಲ್ಲಿ ಕಾಡಿನ ನೆಲದ ಮೇಲಿನ ಕೊಳೆತ ಎಲೆಯ ಪದರದಲ್ಲಿ ಈ ಅನುಪಾತ 25ಕ್ಕಿಂತ ಕೆಳಗಿಳಿದರೆ ನೈಟ್ರೇಟ್ ಸೋರುವ ಸಾಧ್ಯತೆ ಏರುತ್ತದೆ. ಅಂತರ್ಜಾಲದಲ್ಲಿ ಇದನ್ನು ಓದಿ, ‘ನಮ್ಮದು 15, ಕಾಡು ಮುಗಿದೇ ಹೋಯಿತು’ ಅಂತ ಗಾಬರಿಯಾಗುವವರು ಇದ್ದಾರೆ. ಆ 25 ಮೇಲಿನ ಪದರಕ್ಕೆ, ಅದೂ ಚಳಿ ನಾಡಿಗೆ. ಕೆಳಗಿನ ಮಣ್ಣಿನಲ್ಲಿ 10ರಿಂದ 15 ಬರುವುದು ಮಾಮೂಲು. ನಮ್ಮ ಬಿಸಿಲು, ಮಳೆಗೆ ಎಲೆ ಬೇಗ ಕೊಳೆಯುತ್ತದೆ, ಇಂಗಾಲ ಬೇಗ ಹೋಗುತ್ತದೆ. ಜೊತೆಗೆ ಉಷ್ಣವಲಯದ ಹಳೆಯ ಮಣ್ಣುಗಳಲ್ಲಿ ಮರಗಳಿಗೆ ಕೊರತೆ ಬೀಳುವುದು ಹಲವು ಸಲ ಸಾರಜನಕದ್ದಲ್ಲ, ರಂಜಕದ್ದು. ಹಾಗಾಗಿ ನಿಮ್ಮ ಜೋಡಿ ಜಾಗಗಳನ್ನು ಒಂದಕ್ಕೊಂದು ಹೋಲಿಸಿ. ಅಂಚಿನಲ್ಲಿ 11, ಒಳಗೆ 15 ಅಂದರೆ ಅಲ್ಲಿ ಏನೋ ನಡೆಯುತ್ತಿದೆ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುವುದು, ನೈಟ್ರೇಟ್ ಮತ್ತು ಅಮೋನಿಯಂ ಪಾಲು. ಅಂಚಿನ ತುಂಡಿನಲ್ಲಿ ಒಳಗಿನದಕ್ಕಿಂತ ನೈಟ್ರೇಟ್ ಬಹಳ ಜಾಸ್ತಿ ಇದ್ದು, ಪಿಎಚ್ ಕೂಡ ಕುಸಿದಿದ್ದರೆ ಎಚ್ಚರಿಕೆ. ಮೊದಲೇ ಹುಳಿಯಾದ ಖಾನಾಪುರದ ಜಂಬಿಟ್ಟಿಗೆ ಮಣ್ಣಿನಲ್ಲಿ ಕ್ಯಾಲ್ಸಿಯಂ ದಾಸ್ತಾನು ತೆಳು. ಸೋರಿದರೆ ತುಂಬುವುದು ಕಷ್ಟ. ವಿಜಯಪುರದ ಎರೆ ಮಣ್ಣಿನಲ್ಲಿ ಸುಣ್ಣ ಬೇಕಾದಷ್ಟಿದೆ, ಆ ಭಯ ಇಲ್ಲ. ಅಲ್ಲಿ ಪಿಎಚ್ 8 ದಾಟಿರುತ್ತದೆ, ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುವುದೇ ತೊಂದರೆ.

ಹಳ್ಳದ ನೀರನ್ನೂ ನೋಡಿ

ಅಮೆರಿಕದ ಹಬ್ಬರ್ಡ್ ಬ್ರೂಕ್ ಎಂಬಲ್ಲಿ 1965ರ ಚಳಿಗಾಲದಲ್ಲಿ ಒಂದು ಇಡೀ ಹಳ್ಳದ ಜಲಾನಯನದ ಮರ ಕಡಿದರು. ಕಡಿದ ಮರವನ್ನು ಅಲ್ಲೇ ಬಿಟ್ಟು, ಮತ್ತೆ ಚಿಗುರದಂತೆ ಕಳೆನಾಶಕ ಹೊಡೆದರು. ಹಳ್ಳದ ನೈಟ್ರೇಟ್ ಹತ್ತಾರು ಪಟ್ಟು ಏರಿತು, ಕುಡಿಯುವ ನೀರಿನ ಮಿತಿಯನ್ನೂ ದಾಟಿತು. ಹೀರುವ ಬೇರು ಇಲ್ಲದಿದ್ದರೆ ಸಾರಜನಕ ನಿಲ್ಲುವುದಿಲ್ಲ ಅನ್ನುವುದು ಹೀಗೆ ಕಣ್ಣಿಗೆ ಕಂಡಿತು.

ನಿಮ್ಮ ಕಾಡಿನಿಂದ ಹಳ್ಳ ಹರಿಯುತ್ತಿದ್ದರೆ, ಅದು ಹೊಲ, ಮನೆ ಮುಟ್ಟುವ ಮೊದಲೇ ನೀರು ಹಿಡಿಯಿರಿ. ಮೀನು ಸಾಕುವವರ ಅಂಗಡಿಯಲ್ಲಿ ಸಿಗುವ ನೈಟ್ರೇಟ್ ಪಟ್ಟಿ ಅದ್ದಿ ನೋಡಿ. ಅವು ಒರಟು ಅಳತೆಯವು, ಆದರೆ ಇಲ್ಲಿ ಒರಟೇ ಸಾಕು. ಒಳ್ಳೆಯ ಕಾಡಿನ ಹಳ್ಳದಲ್ಲಿ ಪಟ್ಟಿಗೆ ಬಣ್ಣವೇ ಬರುವುದಿಲ್ಲ. ಸ್ಪಷ್ಟವಾಗಿ ಬಣ್ಣ ಬಂದರೆ ಆ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ. ವರದಿಯಲ್ಲಿ ‘ನೈಟ್ರೇಟ್’ ಅಂತ ಇದೆಯೋ, ‘ನೈಟ್ರೇಟ್ ಸಾರಜನಕ’ ಅಂತ ಇದೆಯೋ ನೋಡಿಕೊಳ್ಳಿ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಕಾಡಿನ ಹಳ್ಳ ಅದರ ಹತ್ತಿರಕ್ಕೂ ಹೋಗಬಾರದು.

ಮರಗಳನ್ನು ನೋಡದೆ ತೀರ್ಪು ಬೇಡ

ಬಾಗಲಕೋಟೆ, ವಿಜಯಪುರ ಕಡೆ ಬಳ್ಳಾರಿ ಜಾಲಿ ಹಬ್ಬಿದ ಜಾಗದ ಮಣ್ಣು ಪರೀಕ್ಷೆ ಮಾಡಿಸಿ ನೋಡಿ. ಪಕ್ಕದ ಬಯಲಿಗಿಂತ ಸಾರಜನಕ ಚೆನ್ನಾಗಿಯೇ ಇರುತ್ತದೆ. ಅದರ ಬೇರಿನ ಗಂಟುಗಳಲ್ಲಿ ಜೀವಾಣುಗಳು ಗಾಳಿಯ ಸಾರಜನಕ ಹಿಡಿಯುತ್ತವೆ. ಆದರೆ ಕೆಳಗೆ ಬೇರೆ ಸಸಿ ಏಳುವುದೇ ಕಷ್ಟ. ಅಂಕಿ ಚೆನ್ನ, ಕಾಡು ಇಲ್ಲ. ಹೊಂಗೆ, ಕರಿಜಾಲಿಯ ಬೇರಿಗೂ ಇದೇ ಗುಣ ಇದೆ, ಅವುಗಳ ಜೊತೆ ಬೇವು, ಹುಲ್ಲು ಎಲ್ಲ ಬಾಳುತ್ತವೆ. ಹಾಗಾಗಿ ಚೌಕದೊಳಗೆ ಯಾವ ಮರ ಎಷ್ಟಿವೆ, ಮೊಣಕಾಲೆತ್ತರದ ಸಸಿಗಳು ಯಾವುವು, ತರಗೆಲೆ ಎಷ್ಟು ದಪ್ಪ ಎಂದು ಬರೆಯಿರಿ. ಅಂಚಿನಲ್ಲಿ ಕಾಂಗ್ರೆಸ್ ಕಸ, ಲಂಟಾನ ಎಷ್ಟು ದೂರ ಒಳಗೆ ನುಗ್ಗಿವೆ ಅನ್ನುವುದೂ ಬೇಕು. ಬೆಳಕು, ದನ, ಗೊಬ್ಬರ ಎಲ್ಲ ಸೇರಿ ಅವನ್ನು ಬೆಳೆಸುತ್ತವೆ. ಆದ್ದರಿಂದ ಬರೀ ಕಳೆ ನೋಡಿ ಸಾರಜನಕಕ್ಕೆ ತಪ್ಪು ಹೊರಿಸಬೇಡಿ, ನೈಟ್ರೇಟ್ ಅಂಕಿಯೂ ಅದನ್ನೇ ಹೇಳಬೇಕು.

ಎರೆ ಸೀಮೆಯ ತೋಪುಗಳಿಗೆ ಲಭ್ಯ ಸಾರಜನಕ 280ಕ್ಕಿಂತ ಕೆಳಗೆ, ಸಾವಯವ ಇಂಗಾಲ 0.5ಕ್ಕಿಂತ ಕೆಳಗೆ ಬಂದರೆ ಎದೆಗುಂದಬೇಡಿ, ಅಲ್ಲಿ ಅದು ಸಾಮಾನ್ಯ. ಅದಕ್ಕೆ ಯೂರಿಯಾ ಹಾಕಲು ಓಡಬೇಡಿ. ತರಗೆಲೆ ಗುಡಿಸಿ ಸುಡುವುದನ್ನು ನಿಲ್ಲಿಸಿದರೆ ಕೆಲವು ವರ್ಷಗಳಲ್ಲಿ ಇಂಗಾಲ ಮೊದಲು ಏರುತ್ತದೆ, ಸಾರಜನಕ ಅದರ ಹಿಂದೆ ಬರುತ್ತದೆ. ಇತ್ತ ಕಬ್ಬಿನ ಹೊಲದ ಪಕ್ಕದ ಕಾಡಂಚಿನಲ್ಲಿ ಸೋರಿಕೆ ಕಂಡರೆ, ಹೊಲದವರ ಜೊತೆ ಕೂತು ಮಾತಾಡಿ. ಯೂರಿಯಾವನ್ನು ಕಂತುಗಳಲ್ಲಿ, ಮಣ್ಣಿನೊಳಗೆ ಕೊಟ್ಟರೆ ಅವರಿಗೂ ಉಳಿತಾಯ. ನಡುವೆ ಒಂದು ಹುಲ್ಲಿನ ಪಟ್ಟಿ ಬಿಡಲು ಒಪ್ಪಿದರೆ ಇನ್ನೂ ಒಳ್ಳೆಯದು.

ಮತ್ತೆ ಯಾವಾಗ

ನೈಟ್ರೇಟ್ ಮತ್ತು ಹಳ್ಳದ ನೀರನ್ನು ಪ್ರತಿವರ್ಷ ಅದೇ ವಾರದಲ್ಲಿ ನೋಡಿ. ಒಟ್ಟು ಸಾರಜನಕ ನಿಧಾನವಾಗಿ ಬದಲಾಗುತ್ತದೆ. ಐದು ವರ್ಷಕ್ಕೊಮ್ಮೆ ಸಾಕು, ಪ್ರತಿವರ್ಷ ಮಾಡಿಸಿದರೆ ದುಡ್ಡು ದಂಡ. ಸೋಸಿದ ಒಣ ಮಣ್ಣು ಒಂದು ಹಿಡಿಯಷ್ಟನ್ನು ಗಾಜಿನ ಬಾಟಲಿಗೆ ಹಾಕಿ, ಜಾಗ, ಆಳ, ತಾರೀಕು ಬರೆದು ಎತ್ತಿಡಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಸ್ಥೆ 19ನೇ ಶತಮಾನದ ಮಣ್ಣನ್ನು ಹೀಗೆ ಉಳಿಸಿಕೊಂಡಿದ್ದರಿಂದಲೇ ಅದನ್ನು ಇಂದಿನ ಯಂತ್ರದಲ್ಲಿ ಮತ್ತೆ ಅಳೆಯಲು ಆಗುತ್ತಿದೆ. ಪ್ರಯೋಗಾಲಯ ಬದಲಾಯಿಸಿದಾಗ ಹಳೆಯ ಬಾಟಲಿಯ ಮಣ್ಣನ್ನೂ ಹೊಸ ಮಾದರಿಯ ಜೊತೆ ಕಳಿಸಿ. ಆಗ ಬದಲಾದದ್ದು ಕಾಡೋ, ಅಳೆದವರೋ ಅಂತ ಗೊತ್ತಾಗುತ್ತದೆ. ಬಾಟಲಿಗಳನ್ನು ಗೊಬ್ಬರದ ಕೋಣೆಯಲ್ಲಿ ಮಾತ್ರ ಇಡಬೇಡಿ.